ವಾಲಗಕ್ಕೆ ಬಚಾಟಾ ಹೆಜ್ಜೆ

ರೋಹಿಣಿ, ದೆಹಲಿ
ಡಿಸೆಂಬರ್ ೨೦

ಮುದ್ದು ಪೂವಿ,

ಚೆನ್ನಾಗಿದ್ದೀಯಾ ತಾನೇ? ಪುಣೆಯಲ್ಲಿ ಚಳಿ ಹೇಗಿದೆ? ಇಲ್ಲಿ ಹೊಗೆಯೋ ಮಂಜೋ ತಿಳಿಯುತ್ತಿಲ್ಲ. ನಿನ್ನ ಮೆಸೇಜಿಗೆ ಉತ್ತರ ಬರೆಯಲು ತಡವಾಯಿತು, ಬೇಜಾರಾಗಬೇಡ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ನೀನು ಫೋನೂ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ಇಲ್ಲಿನ ನಮ್ಮ ಕೊಡವರ ಪುತ್ತರಿ ಹಬ್ಬದ ಕೂಟದ ವಿಡಿಯೋ ನೋಡಿದೆಯಲ್ಲ, ನಡೆದದ್ದು ಇಷ್ಟೇ. ವಾಲಗ ಶುರುವಾಯಿತು, ಎಲ್ಲರೂ ಕೈ ಎತ್ತಿ ತಮ್ಮ ಪಾಡಿಗೆ ಕುಣಿಯುತ್ತಿದ್ದರು. ನನಗೆ ಕೈ ಹಿಡಿದು ಜೋಡಿಯಾಗಿ ಕುಣಿಯುವ ಬಚಾಟಾ ಕ್ಲಾಸಿನ ಅಭ್ಯಾಸ ನೋಡು, ಪಕ್ಕದಲ್ಲಿದ್ದ ಕರ್ನಲ್ ಬೋಪಯ್ಯನವರ ಕೈ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿಯೇಬಿಟ್ಟೆ! ಪಾಪ, ಅವರೂ ನಗುನಗುತ್ತಾ ತಿರುಗಿದರು. ಅವರ ಹೆಂಡತಿಯೇ ಚಪ್ಪಾಳೆ ತಟ್ಟಿದಳು. ಬೆಂಕಿ ಹತ್ತಿದ್ದು ಉಳಿದವರ ಹೊಟ್ಟೆಗೆ. ಮದುವೆಯಲ್ಲಿ ವಾಲಗಕ್ಕೆ ಕುಣಿಯದಿದ್ದರೆ ಮುನಿಸಿಕೊಳ್ಳುವ ಜನ, ನನ್ನ ಒಂದು ಸುತ್ತಿಗೆ ಮಾನ ಹೋಯಿತಂತೆ!

"ಅವ್ವ, ಪ್ಲೀಸ್, ಆ ಕ್ಲಾಸ್ ಬಿಡು. ಸಾಕೇತ್ ಮನೆಯವರು ನಿಶ್ಚಿತಾರ್ಥಕ್ಕೆ ಬರ್ತಿದ್ದಾರೆ, ಲೋಗ್ ಕ್ಯಾ ಕಹೇಂಗೆ? ಬಿಡಲ್ಲ ಅಂದ್ರೆ ಫಂಕ್ಷನ್ ಇಲ್ಲೇ ಪುಣೆಯಲ್ಲಿ ಮಾಡ್ಕೋತೀವಿ" ಎಂದು ನೀನು ಬರೆದೆ. ಬಿಡುವುದಿಲ್ಲ ಮಗಳೇ. ಪುಣೆಯಲ್ಲಿ ಮಾಡಿಕೊಂಡರೆ ಕರೆಯದಿದ್ದರೂ ಬರುತ್ತೇನೆ.

ಆ ಲ್ಯಾಟಿನ್ ಹಾಡುಗಳಲ್ಲಿ ಅಂಥಾದ್ದೇನಿದೆ ಎಂದು ಕೇಳಿದೆಯಲ್ಲ. ಸ್ಪ್ಯಾನಿಷ್ ನನಗೆ ಒಂದಕ್ಷರ ಬಾರದು. ಕೊರಸೋನ್ ಎಂದರೆ ಹೃದಯವಂತೆ, ಪ್ರತಿ ಹಾಡಿನಲ್ಲೂ ಅದು ಒಡೆದೇ ಇರುತ್ತದೆ. ಆದರೆ ಒಡೆಯಿತೆಂದು ಆ ಹಾಡುವವನು ಮೂಲೆ ಹಿಡಿದು ಕೂರುವುದಿಲ್ಲ. ಗಿಟಾರು ಟಿಣ್ ಎಂದ ಕೂಡಲೇ ಸೊಂಟ ಕುಣಿಸುತ್ತಾನೆ. ಅದೇ ನನಗೆ ಹಿಡಿಸಿದ್ದು. ನಿನ್ನಪ್ಪ ಹೋದ ಮೇಲೆ ಎಲ್ಲರೂ ನನಗೆ ಭಜನೆ ಕಳಿಸಿದರು. ಕುಣಿಯುವ ಹಾಡೊಂದನ್ನು ಯಾರಾದರೂ ಕಳಿಸಿದರೇನೇ?

ಸಾಕೇತನ ಮನೆಯವರು ಬರಲಿ. ಪಂದಿಕರಿ ಮಾಡಿ ಬಡಿಸುತ್ತೇನೆ, ಕ್ಲಾಸಿನ ವಿಷಯ ನಾನೇ ಹೇಳುತ್ತೇನೆ. ನಿನ್ನ ಮದುವೆಯಲ್ಲಿ ವಾಲಗಕ್ಕೂ ಕುಣಿಯುವೆ, ವಾಲಗದವರು ಊಟಕ್ಕೆ ಕೂತಾಗ ನನ್ನ ಹಾಡಿಗೂ ಕುಣಿಯುವೆ. ನೋಡಲಾಗದವರು ಕಣ್ಣು ಮುಚ್ಚಿಕೊಳ್ಳಲಿ.

ಇಗ್ಗುತಪ್ಪ ದೇವರು ನಿಮ್ಮಿಬ್ಬರನ್ನೂ ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ದೇಚಮ್ಮ

ತಾ.ಕ.: "ಗುರುತಿಲ್ಲದವರ ಕೈ ಹಿಡಿಯೋಕೆ ನಾಚಿಕೆ ಆಗಲ್ವಾ?" ಎಂದೂ ನೀನು ಕೇಳಿದ್ದೆಯಲ್ಲ. ಅದಕ್ಕೆ ಉತ್ತರ ಬರೆಯಬಾರದೆಂದಿದ್ದೆ. ನಿನ್ನಪ್ಪನ ಮಣ್ಣಾದ ದಿನ ಎಲ್ಲರೂ ನನ್ನ ಕೈ ಹಿಡಿದುಕೊಂಡಿದ್ದರು. ಆಮೇಲೆ ಆ ಕ್ಲಾಸಿಗೆ ಸೇರುವವರೆಗೆ ನನ್ನನ್ನು ಯಾರೂ ಮುಟ್ಟಿರಲಿಲ್ಲ, ಪೂವಿ. ದೀಪಾವಳಿಗೆ ಬಂದಿದ್ದ ನೀನೂ, ಕ್ಯಾಬ್ ಕಾಯ್ತಿದೆ ಎಂದು, ಬಾಗಿಲಿಂದಲೇ ಕೈ ಬೀಸಿ ಹೊರಟುಬಿಟ್ಟೆ.