ಉಂಡ ಮೇಲೆ ನೋಡದ ಕನ್ನಡಿ

ಲಕ್ಷ್ಮೇಶ್ವರ, ಫೆಬ್ರವರಿ 30, 2219

ಎರಡು ಸಾವಿರದ ಇಪ್ಪತ್ತರ ಆಸುಪಾಸಿನ ಸ್ಕ್ಯಾನಿಂಗ್ ವೈದ್ಯರಿಗೆ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇದೊಂದಕ್ಕೆ ನಾನು ಕ್ಷಮೆ ಕೇಳುತ್ತೇನೆ, ಉಳಿದದ್ದಕ್ಕೆ ಕೇಳಬೇಕಾದವರು ನೀವು.

ನಮ್ಮ ಪ್ರತಿ ಮನೆಯಲ್ಲೂ ಒಂದು ಒಳಗನ್ನಡಿ ಇದೆ. ದೇಹದ ಒಳಗನ್ನು ತೋರಿಸುವ ಇದು ನಿಮ್ಮ ಅಲ್ಟ್ರಾಸೌಂಡಿನ ಮೊಮ್ಮಗಳು. ಬೆಳಗ್ಗೆ ಚಹಾ ಕುಡಿಯುವ ಮೊದಲೇ ಮನೆಮಂದಿಯೆಲ್ಲ ಅದರ ಮುಂದೆ ನಿಲ್ಲುತ್ತಾರೆ. ಬರಿಹೊಟ್ಟೆಯಲ್ಲೇ ನಿಲ್ಲಬೇಕೆಂಬುದು ಮಡಿಯಷ್ಟೇ ಕಟ್ಟುನಿಟ್ಟು. ಅದರಲ್ಲಿ ಕಾಣದ್ದು ಕಾಯಿಲೆಯೇ ಅಲ್ಲ. ಅದಕ್ಕೆ ರಜೆಯಿಲ್ಲ, ಮದ್ದಿಲ್ಲ, ಅಯ್ಯೋ ಪಾಪ ಅನ್ನುವವರೂ ಇಲ್ಲ. ಆ ಚಿತ್ರಗಳನ್ನು ಓದಿ ರುಜು ಹಾಕುವ ಬಿಂಬವಾಚಕಿ, ಈ ಊರಿಗೆ, ನಾನು.

ಇದೇ ಊರಿಗೆ ಕೊಟ್ಟಿದ್ದ ನನ್ನ ತಂಗಿ ನೀಲಗಂಗಾ ಹನ್ನೊಂದು ವರ್ಷ ಒಂದೇ ಮಾತು ಹೇಳಿದಳು: "ಉಂಡ ಮ್ಯಾಲ ಬಲಕ್ಕ ಪಕ್ಕೆಲುಬಿನ ಕೆಳಗ ಹಿಂಡತೈತಿ ಅಕ್ಕಾ, ಬೆನ್ನಿಗೂ ಹೊಡಿತೈತಿ. ಊಟ ಆದ ಮ್ಯಾಲ ಒಮ್ಮೆರ ನೋಡ." ನಾನು ಪ್ರತಿಸಲ ಬೆಳಗಿನ ಚಿತ್ರವನ್ನೇ ಅವಳ ಮುಖಕ್ಕೆ ಹಿಡಿದೆ. ಕಲ್ಲಿಲ್ಲ, ಗೋಡೆ ದಪ್ಪವಾಗಿಲ್ಲ, ಪಿತ್ತಕೋಶ ಸಹಜ. ಅವಳು ತುಪ್ಪ ಮುಟ್ಟುವುದನ್ನು ನಿಲ್ಲಿಸಿದಳು, ಆಮೇಲೆ ಹೋಳಿಗೆಯನ್ನು, ಕೊನೆಗೆ ಮದುವೆಮನೆಗೆ ಹೋಗುವುದನ್ನೇ ನಿಲ್ಲಿಸಿದಳು. ಸೋಗು ಹಾಕುತ್ತಾಳೆ ಎಂದು ಅತ್ತೆಮನೆಯವರು ಆಡಿಕೊಂಡರು. ನಾನೂ ಆಡಿಕೊಂಡೆ. ಕಳೆದ ತಿಂಗಳು ಕನ್ನಡಿ ಮೊದಲ ಬಾರಿಗೆ ಕೆಂಪು ತೋರಿಸುವ ಹೊತ್ತಿಗೆ ಪಿತ್ತಕೋಶ ಕೊಳೆತು ಒಡೆದಿತ್ತು. ಎರಡೇ ದಿನ, ಹೋದಳು. ಒಳಗೆಲ್ಲ ವರ್ಷಗಟ್ಟಲೆ ಹಳೆಯ ಉರಿಯೂತದ ಕಲೆ ಇತ್ತೆಂದು ಕೊಯ್ದು ನೋಡಿದವರು ಹೇಳಿದರು.

ಆಮೇಲೆ ನಿಮ್ಮ ಕಡತಗಳನ್ನು ತೆಗೆದೆ. ನಿಮಗೆ ಗೊತ್ತಿತ್ತು! ಇಂಥವರಿಗೆ ಜಿಡ್ಡಿನ ಊಟ ಕೊಟ್ಟು, ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಪಿತ್ತ ಹೊರಹಾಕಲು ಪಿತ್ತಕೋಶ ಎಷ್ಟು ಕುಗ್ಗುತ್ತದೆಂದು ಅಳೆಯುವ ಪದ್ಧತಿ ನಿಮ್ಮಲ್ಲಿತ್ತು. ಆದರೆ ಹೊರಗೆ ಸರದಿ ಉದ್ದವಿತ್ತು, ನಿಮಗೆ ಪುರುಸೊತ್ತಿರಲಿಲ್ಲ. ಬರಿಹೊಟ್ಟೆಯ ಚಿತ್ರ ಉಳಿಸಿದಿರಿ, ರೋಗಿ ಹೇಳಿದ್ದನ್ನು ಬರೆದಿಡಲಿಲ್ಲ. ಆ ಲಕ್ಷಾಂತರ ಚಿತ್ರಗಳಿಂದಲೇ ನಮ್ಮ ಕನ್ನಡಿ ಕಲಿತದ್ದು. ನೀವು ಕೇಳದ್ದನ್ನು ಅದೂ ಕೇಳಲಿಲ್ಲ.

ನಾಳೆ ನಿಮ್ಮ ಕೋಣೆಗೆ ಒಬ್ಬಳು ಬಂದು ಉಂಡ ಮೇಲೆ ನೋವು ಅನ್ನುತ್ತಾಳೆ. ಚಿತ್ರ ಸರಿಯಿದೆಯೆಂದು ಅವಳನ್ನು ಸಾಗಹಾಕಬೇಡಿ. ಏನು ತಿಂದ ಮೇಲೆ, ಎಲ್ಲಿ, ಎಷ್ಟು ಹೊತ್ತು ಎಂದು ಕೇಳಿ. ಅವಳ ಮಾತನ್ನು ಚಿತ್ರದ ಪಕ್ಕದಲ್ಲೇ ಬರೆದಿಡಿ. ಉಣ್ಣಿಸಿ ಮತ್ತೊಮ್ಮೆ ನೋಡಿ.

ನಿಮ್ಮನ್ನು ಎಷ್ಟು ಬೈದರೂ ಒಂದನ್ನು ಒಪ್ಪಿಕೊಳ್ಳಲೇಬೇಕು. ನಿಮಗೆ ಅವಳು ಯಾರೋ. ನಾನು ಅವಳ ಎಲೆಯ ಪಕ್ಕದ ಎಲೆಗೆ ಕೂತು ಉಂಡವಳು. ಊಟ ಮುಗಿಸಿ ಅವಳು ಬಲಪಕ್ಕೆ ಹಿಡಿದುಕೊಂಡು ಏಳುವುದನ್ನು ಹನ್ನೊಂದು ವರ್ಷ ಈ ಕಣ್ಣಿನಿಂದಲೇ ನೋಡಿದ್ದೇನೆ.

ಮುಕ್ತಾ