ಫೋನಿಗೆ ಹದಿನೈದು, ಮದುವೆಗೆ ಹತ್ತೊಂಬತ್ತು

ಮಕ್ಕಳ ಹಿತ ಕಾಯುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ಅಧಿಕಾರಿಗಳೇ,

ಒಬ್ಬಳೇ ಹುಡುಗಿಗೆ ನಿಮ್ಮ ಕಚೇರಿ ಎರಡು ವಯಸ್ಸು ಕೊಟ್ಟಿದೆ. ಆಗಸ್ಟ್ ತಿಂಗಳಲ್ಲಿ ಅವಳ ಕೈಯಿಂದ ಫೋನ್ ಕಿತ್ತುಕೊಳ್ಳುವಾಗ ಅವಳಿಗೆ ಹದಿನೈದು. ನವೆಂಬರಿನಲ್ಲಿ ‘ನನ್ನ ಮದುವೆ ನಿಲ್ಲಿಸಿ’ ಎಂದು ಅವಳು ನಿಮ್ಮನ್ನೇ ಬೇಡಿಕೊಂಡಾಗ ಹತ್ತೊಂಬತ್ತು. ಮೂರು ತಿಂಗಳಲ್ಲಿ ನಾಲ್ಕು ವರ್ಷ ಬೆಳೆಯುವ ಮಗುವನ್ನು ನಾನು ಈ ಸೀಮೆಯಲ್ಲಿ ಎಲ್ಲೂ ಕಂಡಿಲ್ಲ, ನಿಮ್ಮ ಕಡತದಲ್ಲಿ ಮಾತ್ರ ಕಂಡೆ. ಆ ಕಡತವನ್ನು ನೀವು ಮುಚ್ಚಿದ್ದೀರಿ. ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅವಳ ಕೊರಳಿಗೆ ತಾಳಿ ಬೀಳುತ್ತದೆ. ಇವತ್ತು ಗುರುವಾರ.

ಹುಡುಗಿಯನ್ನು ಅನುಷಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ, ಅವಳ ಮನೆಯವರ ಮತ್ತು ಊರಿನವರ ಹೆಸರುಗಳನ್ನೂ ಬದಲಿಸಿದ್ದೇನೆ. ಊರು ನವಲಿಯ ಆಚೆ, ಕಾಲುವೆ ನೀರಿನ ಭತ್ತದ ಊರು. ಅಷ್ಟು ಸಾಕು. ಹುಡುಗಿಯ ಗುರುತು ಮುಚ್ಚಿಡಬೇಕೆಂಬುದು ಏಳನೇ ತರಗತಿಗೆ ಶಾಲೆ ಬಿಟ್ಟು, ಹದಿಮೂರಕ್ಕೆ ಹಸೆಮಣೆ ಏರಿದ ನನಗೆ ಗೊತ್ತಿದೆ. ಇಷ್ಟು ಪರೀಕ್ಷೆ ಪಾಸು ಮಾಡಿ ಬಂದ ನಿಮಗೆ ಗೊತ್ತಿರಲಿಲ್ಲವೇ?

ಮೊದಲೇ ಹೇಳಿಬಿಡುತ್ತೇನೆ. ಹದಿನಾರರ ಒಳಗಿನ ಮಕ್ಕಳಿಗೆ ಸಾಮಾಜಿಕ ಜಾಲತಾಣ ಬೇಡ ಎಂಬ ನಿಮ್ಮ ಅಭಿಯಾನಕ್ಕೆ ನಾನು ವಿರೋಧಿಯಲ್ಲ. ಅದನ್ನು ಕೇಳಿ ನಿಮಗೆ ಕೊಟ್ಟ ಮನವಿಯ ಕೆಳಗೆ ನನ್ನ ಸಹಿಯೂ ಇದೆ, ಮೂರನೆಯ ಸಾಲಿನಲ್ಲಿ. ನಾಟಿಗೆ ಹೋಗುವ ನಮ್ಮ ಹೆಂಗಸರಲ್ಲೊಬ್ಬಳ ಮಗಳ ಮುಖವನ್ನು ಯಾರದೋ ಮೈಗೆ ಅಂಟಿಸಿ ಊರೆಲ್ಲ ಹಂಚಿದ್ದನ್ನು ಕಂಡವಳು ನಾನು. ಆ ಮಗು ಹನ್ನೊಂದು ದಿನ ಊಟ ಬಿಟ್ಟಿತ್ತು. ಮಕ್ಕಳನ್ನು ಆ ಹಾಳು ಪೆಟ್ಟಿಗೆಯಿಂದ ಕಾಯಿರಿ ಎಂದು ನಿಮ್ಮ ಬಾಗಿಲಿಗೆ ಬಂದು ಕೂಗಿದ್ದೆವು. ನೀವು ಕಾಯುತ್ತೀರಿ ಎಂದುಕೊಂಡೆವು. 1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗಲೂ ಹೀಗೇ ಅಂದುಕೊಂಡು ಹಲಗೆ ಬಡಿದಿದ್ದೆವು: ಇನ್ನು ಅರ್ಜಿ ಹಿಡಿದು ರಾಯಚೂರಿಗೆ ಬಸ್ಸು ಹತ್ತಬೇಕಿಲ್ಲ, ಅಧಿಕಾರಿ ಕೂಗಳತೆಯಲ್ಲಿ ಸಿಗುತ್ತಾರೆ ಎಂದು. ಸಿಕ್ಕಿದ್ದೀರಿ. ಕೂಗು ಮಾತ್ರ ಇನ್ನೂ ತಲುಪಿಲ್ಲ.

ಅನುಷಾಗೆ ಹತ್ತೊಂಬತ್ತು ಹೇಗಾಯಿತು ಎಂಬುದನ್ನು ನೀವು ಮರೆತಿರಬಹುದು. ನಾನು ಮರೆತಿಲ್ಲ. 2023ರ ಜನವರಿ, ಗಂಗಾವತಿಯ ಒಂದು ಕಲ್ಯಾಣ ಮಂಟಪ, ಹೆಣ್ಣುಮಕ್ಕಳ ಸಮಾವೇಶ. ಬಾಲ್ಯವಿವಾಹ ತಡೆಯಲು ನಿಮ್ಮ ಕಚೇರಿ ಜಾಲತಾಣದಲ್ಲಿ ಒಂದು ಪುಟ ತೆರೆದಿತ್ತು. ‘ಹೆದರದೆ ಬರೆಯಿರಿ, ನಿಮ್ಮ ಹೆಸರು ನಮ್ಮ ಹತ್ತಿರವೇ ಉಳಿಯುತ್ತದೆ’ ಎಂದು ಮೈಕಿನಲ್ಲಿ ಹೇಳಿದವರು ತಾವೇ. ಲಾಕ್‌ಡೌನಿನಲ್ಲಿ ಪಾಠಕ್ಕೆಂದು ಕೊಂಡ ಫೋನುಗಳನ್ನು ಹಿಡಿದು ಎಂಬತ್ತನಾಲ್ಕು ಹುಡುಗಿಯರು ಕುಳಿತಿದ್ದರು. ಸಭೆ ಮುಗಿಯುವ ಮೊದಲು ಅವರೆಲ್ಲ ಆ ಪುಟಕ್ಕೆ ಸೇರಬೇಕು, ಸಂಖ್ಯೆಯನ್ನು ವೇದಿಕೆಯಲ್ಲಿ ಘೋಷಿಸಬೇಕು ಎಂಬ ಅವಸರ ನಿಮ್ಮದು. ಆದರೆ ಸಣ್ಣ ಹುಡುಗಿಯರ ಖಾತೆ ತೆರೆಯಲೇ ಇಲ್ಲ.

“ಸರ್, ತಗೋವಲ್ದ್ರಿ. ಹದಿಮೂರು ಆಗಿರಬೇಕಂತ,” ಎಂದಳು ಒಬ್ಬಳು.

ನಿಮ್ಮ ಸಿಬ್ಬಂದಿ ಕೈಬೀಸಿ ಹೇಳಿದರು: “ಹಂಗಾದ್ರ ಎಲ್ಲಾರೂ ಎರಡು ಸಾವಿರದ ಆರು ಅಂತ ಹಾಕ್ರಿ. ಜನವರಿ ಒಂದು. ಭಾಳ ಹೊತ್ತಿಲ್ಲ, ಊಟ ಆರತೈತಿ.”

ಏಳನೇ ತರಗತಿಯ ಅನುಷಾ ಎದ್ದು ನಿಂತಳು. “ಸರ್, ನಾ ಎರಡು ಸಾವಿರದ ಹತ್ತರಾಗ ಹುಟ್ಟೀನ್ರಿ. ಸುಳ್ಳು ಬರಿಬಾರದಂತ ನಮ್ಮ ಟೀಚರ್ ಹೇಳ್ಯಾರ.”

ಮಂಟಪವೆಲ್ಲ ನಕ್ಕಿತು. ತಾವೂ ನಕ್ಕಿರಿ. “ಇದು ಪರೀಕ್ಷೆ ಅಲ್ಲಮ್ಮ, ಮಾರ್ಕ್ಸ್ ಕಟ್ ಆಗಲ್ಲ,” ಎಂದಿರಿ. ಆ ಹುಡುಗಿ ನಿಮ್ಮ ಮಾತಿಗೆ ಕೂರಲಿಲ್ಲ, ನನ್ನ ಕಡೆ ನೋಡಿದಳು. ಅವಳ ತಾಯಿ ನಮ್ಮ ನಾಟಿ ಕೂಲಿ ಸಂಘದ ಸದಸ್ಯೆ, ನನ್ನನ್ನು ಬಲ್ಲವಳು. ನಾನು ಹೇಳಿದೆ: “ಹಾಕವ್ವಾ, ಏನೂ ಆಗೂದಿಲ್ಲ. ಇವರು ನಮ್ಮವರು.”

ಹಾಗೆ ಒಂದೇ ಮಧ್ಯಾಹ್ನ ಆ ಮಂಟಪದ ಹುಡುಗಿಯರೆಲ್ಲ ಒಂದೇ ದಿನ ಹುಟ್ಟಿದರು. ಹೆರಿಗೆ ಮಾಡಿಸಿದವರು ನೀವು, ಬೆನ್ನು ಸವರಿದವಳು ನಾನು. ಎಂಬತ್ತನಾಲ್ಕು ಎಂದು ಘೋಷಣೆಯಾಯಿತು. ಚಪ್ಪಾಳೆ ಬಿತ್ತು. ಊಟ ಬಿಸಿಯಾಗಿಯೇ ಇತ್ತು.

ಈಗ ಈ ವರ್ಷದ ಆಗಸ್ಟಿಗೆ ಬನ್ನಿ. ಅಭಿಯಾನದ ಹೆಸರಿನಲ್ಲಿ ನೀವು ಊರೂರಿಗೊಂದು ಸಮಿತಿ ಮಾಡಿದಿರಿ. ಅನುಷಾಳ ಊರಿನ ಸಮಿತಿಗೆ ಅಂದಪ್ಪ ಅಧ್ಯಕ್ಷ. ಶಾಲೆಯ ಬೀರು ತೆರೆಸಿ, ದಾಖಲಾತಿ ರಿಜಿಸ್ಟರು ಹರವಿ, ಹದಿನಾರು ತುಂಬದವರನ್ನು ಬೆರಳಿಟ್ಟು ಹುಡುಕಿದರು. ಹನ್ನೆರಡು ಫೋನು ಜಪ್ತಿಯಾದವು. ಹನ್ನೆರಡೂ ಹುಡುಗಿಯರವು. ಗಂಡುಹುಡುಗರದು ಯಾಕಿಲ್ಲ ಎಂದು ಕೇಳಿದ್ದಕ್ಕೆ ಅಂದಪ್ಪ ಕೊಟ್ಟ ಉತ್ತರ ಇದು: “ಅವರು ಹೊಲದ ಮೋಟರ್ ಚಾಲೂ ಮಾಡಬೇಕಲ್ರಿ ಅಕ್ಕಾರ, ಈಗ ಎಲ್ಲಾ ಫೋನಿನ್ಯಾಗ ಅಲ್ಲೇನು?” ಮೋಟರ್ ಚಾಲೂ ಮಾಡುವ ಬೆರಳೇ ಹುಡುಗಿಯರ ಮುಖ ಕತ್ತರಿಸಿ ಅಂಟಿಸುವ ಬೆರಳೂ ಆಗಿರುತ್ತದೆ. ಆ ಬೆರಳಿಗೆ ನಿಮ್ಮ ಅಭಿಯಾನದಲ್ಲಿ ವಯೋಮಿತಿ ಇಲ್ಲ. ಯಾವ ಜಾಲತಾಣದ ಕಂಪನಿ ಮಗುವಿನ ಸುಳ್ಳು ವಯಸ್ಸನ್ನು ಕಣ್ಣುಮುಚ್ಚಿ ಒಪ್ಪಿತೋ ಆ ಕಂಪನಿಗೆ ಒಂದು ನೋಟೀಸು ಕೊಡುವ ಎದೆ ಯಾರಿಗೂ ಇಲ್ಲ. ನವಲಿ ಕಡೆಯ ಒಂದು ಹುಡುಗಿಯ ಕೈ ತಿರುವಿ ಫೋನ್ ಕಸಿದುಕೊಳ್ಳುವುದಕ್ಕೆ ಎಷ್ಟು ಎದೆ ಬೇಕು?

ಕಸಿದದ್ದಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಪಟ್ಟಿ ಮಾಡಿ ಪಂಚಾಯತಿ ಗೋಡೆಗೆ ಅಂಟಿಸಿದಿರಿ. ಹುಡುಗಿಯ ಹೆಸರು, ತಂದೆಯ ಹೆಸರು, ವಯಸ್ಸು, ಕೆಳಗೆ ನಿಮ್ಮ ಕಚೇರಿಯ ಮೊಹರು. ಅನುಷಾ, ತಂದೆ ದುರುಗಪ್ಪ, ಹದಿನೈದು ವರ್ಷ. ಅವಳ ಫೋನಿನಲ್ಲಿ ಇದ್ದದ್ದು ಕೋಳಿಮರಿಗಳ ವಿಡಿಯೊ, ಅಕ್ಕನ ಕೂಸಿನ ಫೋಟೋ ಮತ್ತು ಹತ್ತನೇ ತರಗತಿಯ ಬೀಜಗಣಿತ. ಆದರೆ ಗೋಡೆಯ ಮೇಲೆ ಹೆಸರು ಬಿದ್ದ ಹುಡುಗಿಯ ಫೋನಿನಲ್ಲಿ ಏನಿತ್ತೆಂದು ಊರು ತಾನೇ ಊಹಿಸಿಕೊಳ್ಳುತ್ತದೆ. ಊಹಿಸಿಕೊಂಡಿತು. ದಸರೆ ಮುಗಿಯುವುದರೊಳಗೆ ದುರುಗಪ್ಪ ಹೆಂಡತಿಯ ತಮ್ಮ ಯಂಕೇಶನಿಗೆ ಮಗಳನ್ನು ಕೊಡುವುದಾಗಿ ವೀಳ್ಯ ಬದಲಿಸಿದ. ಯಂಕೇಶ ಭತ್ತ ಕೊಯ್ಯುವ ಯಂತ್ರ ಓಡಿಸುತ್ತಾನೆ, ವಯಸ್ಸು ಇಪ್ಪತ್ತೊಂಬತ್ತು. ಅವನ ವಯಸ್ಸಿನ ಬಗ್ಗೆ ಯಾರಿಗೂ ಗೊಂದಲವಿಲ್ಲ.

ಆಗ ಆ ಹುಡುಗಿ ಏನು ಮಾಡಿದಳು? ನಾವು ಕಲಿಸಿದ್ದನ್ನೇ ಮಾಡಿದಳು. ಗೆಳತಿ ಅಂಜಲಿಯ ಅಣ್ಣನ ಫೋನಿನಲ್ಲಿ ತನ್ನ ಖಾತೆ ತೆರೆದು ನಿಮ್ಮ ಪುಟಕ್ಕೆ ಬರೆದಳು: ‘ಸರ್, ನನಗೆ 15 ವರ್ಷ. ಮಾಘ ಮಾಸದಲ್ಲಿ ನನ್ನ ಮದುವೆ. ನನಗೆ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಇದೆ. ದಯವಿಟ್ಟು ಬನ್ನಿ.’ ಗುರುತಿನ ಖಾತ್ರಿಗಾಗಿ ಖಾತೆಯ ವಿವರವಿರುವ ಪುಟದ ಚಿತ್ರ ಕಳಿಸಿ ಎಂದು ನಿಮ್ಮ ಕಚೇರಿ ಕೇಳಿತು. ಕಳಿಸಿದಳು. ಅದರಲ್ಲಿ ಹುಟ್ಟಿದ ದಿನ ಜನವರಿ 1, 2006. ಮರುದಿನ ಬಂದ ಉತ್ತರವನ್ನು ಒಂದಕ್ಷರ ಬದಲಿಸದೆ ಇಲ್ಲಿ ಬರೆಯುತ್ತೇನೆ: ‘ನೀವು ಒದಗಿಸಿದ ಮಾಹಿತಿಯ ಪ್ರಕಾರ ತಾವು ವಯಸ್ಕರಾಗಿರುವುದರಿಂದ ಸದರಿ ದೂರು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ. ನಿಮ್ಮ ದಿನ ಶುಭವಾಗಿರಲಿ.’

ಅಷ್ಟಕ್ಕೇ ನಿಲ್ಲಲಿಲ್ಲ ನಿಮ್ಮ ಶುಭಾಶಯ. ಪರಿಶೀಲನೆ ಎಂಬ ಹೆಸರಿನಲ್ಲಿ ಅಂದಪ್ಪನಿಗೆ ಫೋನು ಹೋಯಿತು. ಅಂದಪ್ಪ ನೆಟ್ಟಗೆ ಚಹಾದಂಗಡಿಗೆ ಬಂದು ಹತ್ತು ಜನರ ನಡುವೆ ಹೇಳಿದ: “ದುರುಗಪ್ಪಾ, ನಿನ್ನ ಮಗಳು ನಿನ್ನ ಮ್ಯಾಲೆ ಸರ್ಕಾರಕ್ಕ ಅರ್ಜಿ ಹಾಕ್ಯಾಳಪೋ!” ಮಾಘಕ್ಕಿದ್ದ ಮದುವೆ ಸೋಮವಾರಕ್ಕೆ ಬಂತು. ಹುಡುಗಿಯ ಶಾಲೆ ಅಂದೇ ಬಂದ್. ನಿಮ್ಮ ಹತ್ತಿರವೇ ಉಳಿಯಬೇಕಿದ್ದ ಹೆಸರು ಚಹಾದಂಗಡಿಗೆ ಎಷ್ಟು ಬೇಗ ತಲುಪಿತು ನೋಡಿ. ನಿಮ್ಮ ಕಚೇರಿಯ ಯಾವ ಕಾಗದವೂ ಅಷ್ಟು ಬೇಗ ನಡೆದದ್ದನ್ನು ನಾನರಿಯೆ.

ಅಂಜಲಿ ಅಣ್ಣನ ಫೋನು ಹಿಡಿದು ಬಸ್ಸು ಹತ್ತಿ ನನ್ನ ಬಳಿ ಬಂದದ್ದರಿಂದ ಇದೆಲ್ಲ ನನಗೆ ಗೊತ್ತಾಯಿತು. ಅವತ್ತೇ ನಿಮ್ಮ ಕಚೇರಿಗೆ ಬಂದೆ. ಚಹಾ ತರಿಸಿದಿರಿ, ಕುಡಿಯಲಿಲ್ಲ.

“ಮೇಡಂ, ನಾವು ದಾಖಲೆ ಪ್ರಕಾರ ಹೋಗಬೇಕಾಗುತ್ತೆ,” ಎಂದಿರಿ.

“ಯಾವ ದಾಖಲಿ ಸರ್? ನಿಮ್ಮ ಪಟ್ಟಿಯೊಳಗ ಹದಿನೈದು ಅಂತ ಐತೆಲ್ರಿ, ನಿಮ್ಮದ ಮೊಹರು.”

“ಅದು ಜಾಗೃತಿಗೋಸ್ಕರ ಮಾಡಿದ ಪಟ್ಟಿ. ದಾಖಲೆ ಅಲ್ಲ.”

“ಹಂಗಾದ್ರ ಸಾಲಿ ರಿಜಿಸ್ಟರ್ ನೋಡ್ರಿ.”

“ಹೆಡ್‌ಮಾಸ್ಟರು ತರಬೇತಿಗೆ ಹೋಗಿದ್ದಾರೆ. ಬೀರು ಕೀಲಿ ಅವರ ಹತ್ತಿರ. ಮಂಗಳವಾರ ಬರ್ತಾರೆ.”

ಸೋಮವಾರ ತಾಳಿ, ಮಂಗಳವಾರ ಕೀಲಿ. ಆಗಸ್ಟಿನಲ್ಲಿ ಹನ್ನೆರಡು ಫೋನಿಗಾಗಿ ತೆರೆದ ಬೀರು ನವೆಂಬರಿನಲ್ಲಿ ಒಂದು ಹುಡುಗಿಗಾಗಿ ತೆರೆಯುವುದಿಲ್ಲ. ಬೀಗ ಒಡೆಯಿರಿ ಎಂದೆ. ಸರ್ಕಾರಿ ಆಸ್ತಿ ಎಂದಿರಿ. ಆ ಹುಡುಗಿ ಯಾರ ಆಸ್ತಿ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವಳು ಯಾರ ಆಸ್ತಿಯೂ ಅಲ್ಲ ಎಂದು ಹೇಳುವುದಕ್ಕೇ ಅಲ್ಲವೇ ನಾವು ಮೂವತ್ತು ವರ್ಷ ಬೀದಿಯಲ್ಲಿ ಕುಳಿತದ್ದು?

ಕೊನೆಗೆ ನೀವು ಕೇಳಿದಿರಿ: “ಹುಡುಗಿ ತಾನೇ ಎರಡು ಸಾವಿರದ ಆರು ಅಂತ ಬರೆದುಕೊಂಡಿದ್ದಾಳೆ. ನಾವೇ ಬರೆಸಿದ್ದು ಅಂತ ಹೇಳ್ತೀರಲ್ಲ, ಅದಕ್ಕೆ ದಾಖಲೆ ಇದೆಯಾ?”

ಇಲ್ಲ. ಅಂದು ನಿಮ್ಮ ಮಾತನ್ನು ಬರೆದಿಟ್ಟುಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ. ಸಾರಾಯಿ ಅಂಗಡಿ ಬಂದ್ ಮಾಡಿಸುವಾಗ ಗುತ್ತಿಗೆದಾರನ ಮಾತನ್ನು ಬರೆಸಿಕೊಂಡಿದ್ದೇವೆ, ಕೂಲಿ ವಿಚಾರಕ್ಕೆ ಜಮೀನ್ದಾರನ ಮಾತನ್ನು ಸಾಕ್ಷಿ ಇಟ್ಟು ಬರೆಸಿಕೊಂಡಿದ್ದೇವೆ. ಅವರು ಎದುರಾಳಿಗಳು ಎಂದು ಗೊತ್ತಿತ್ತು. ನೀವೂ ಎಂದು ಗೊತ್ತಿರಲಿಲ್ಲ.

ಠಾಣೆಗೆ ಹೋದೆವು. ‘ಮಕ್ಕಳ ಅಧಿಕಾರಿಗಳೇ ಮುಚ್ಚಿದ ದೂರು, ಅವರೇ ತೆರೆಯಬೇಕು’ ಎಂದರು. ವಕೀಲರು ನ್ಯಾಯಾಲಯದ ತಡೆಗೆ ಅರ್ಜಿ ಬರೆದಿಟ್ಟಿದ್ದಾರೆ. ಅದಕ್ಕೂ ನಿಮ್ಮ ಕಚೇರಿಯ ವರದಿ ಬೇಕು. ನಿಮ್ಮ ವರದಿ ಹತ್ತೊಂಬತ್ತು ಎನ್ನುತ್ತದೆ.

ಮೊನ್ನೆ ಅನುಷಾಳ ಊರಿಗೆ ಹೋಗಿದ್ದೆ. ರಸ್ತೆಯ ಮೇಲೆ ಭತ್ತ ಒಣಹಾಕಿ ಕಾಲಿನಿಂದ ತಿರುವುತ್ತಿದ್ದ ತಾಯಿ ಕರಿಯವ್ವ ನನ್ನನ್ನು ಕಂಡು ಬಾ ಎನ್ನಲಿಲ್ಲ. ಪತ್ರಿಕೆಗೆ ಬರೆಯುತ್ತೇನೆ ಎಂದು ಅವಳ ಮುಖದ ಮುಂದೆಯೇ ಹೇಳಿದೆ.

“ಬರೀರಿ. ಅದೂ ಒಂದು ಆಗಿಬಿಡ್ಲಿ,” ಎಂದಳು. ಆಮೇಲೆ ಸಿಡಿದಳು. “ಅಕ್ಕಾರ, ನನ್ನ ಮಗಳ ಹೆಸರು ಗ್ವಾಡಿಗೆ ಹಚ್ಚಿದವರು ಯಾರು? ನಾನಾ? ನೀರಿಗೆ ಹೋದಲ್ಲಿ, ಗಿರಣಿಗೆ ಹೋದಲ್ಲಿ, ನಿಮ್ಮ ಹುಡುಗಿ ಫೋನಿನ್ಯಾಗ ಏನು ಸಿಕ್ತು ಅಂತ ಕೇಳ್ತಾರ. ಕೋಳಿಮರಿ ಸಿಕ್ಕಾವು ಅಂತ ಎಷ್ಟು ಮಂದಿಗೆ ಹೇಳ್ಲಿ? ನಗ್ತಾರ. ನನ್ನ ತಮ್ಮ ಏನೂ ಕೇಳದ ಮಾಡ್ಕೋತೀನಿ ಅಂದಾನ. ನಾ ಯಾವ ಬಾಯಿಲೆ ಬ್ಯಾಡ ಅನ್ಲಿ? ನೀವ ಹೇಳಿದ್ರಿ, ಇವರು ನಮ್ಮವರು ಅಂತ. ಎಲ್ಲದಾರ ಅವರು? ಕರಕೊಂಬರ್ರಿ, ನೋಡೂಣು!”

ಇವಳನ್ನು ಜೈಲಿಗೆ ಹಾಕುವುದು ಸುಲಭ ಸರ್. ಕಾನೂನಿನಲ್ಲಿ ಅವಕಾಶವಿದೆ. ಗೋಡೆಗೆ ಅಂಟು ಹಚ್ಚಿದ ಕೈಗೆ ಯಾವ ಕಲಮು?

ಹಿತ್ತಿಲ ಬಣವೆಯ ಮರೆಯಲ್ಲಿ ಅನುಷಾಳನ್ನು ಎರಡು ನಿಮಿಷ ಕಂಡೆ. ಅರಿಸಿನ ಇನ್ನೂ ಹಚ್ಚಿರಲಿಲ್ಲ. ಅತ್ತು ಮುಗಿದ ಮುಖ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವಳು ತಗ್ಗಿದ ದನಿಯಲ್ಲಿ ಕೇಳಿದಳು: “ಅಕ್ಕಾರ, ಅಂಜಲಿ ಕಡೆಯಿಂದ ಇನ್ನೊಂದು ಸಲ ಬರಸ್ತೀನ್ರಿ. ಈ ಸಲ ಎಷ್ಟು ವಯಸ್ಸು ಅಂತ ಬರದ್ರ ಬರ್ತಾರ?”

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೀವಾದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ, ಏಕೆಂದರೆ ನಿಮಗೆ ಒಬ್ಬಳೇ ಬರೆದರೆ ಏನಾಗುತ್ತದೆಂದು ಅವಳನ್ನು ನೋಡಿ ಕಲಿತಿದ್ದೇನೆ.

ಮಕ್ಕಳಿಗೆ ವಯೋಮಿತಿ ಹಾಕುವ ಹಕ್ಕು ನಿಮಗಿರಲಿ. ಆದರೆ ಹಾಕಿದ ಮಿತಿ ನಿಮ್ಮನ್ನೂ ಕಟ್ಟಬೇಕು. ಹದಿನೈದು ಎಂದು ಕಸಿದುಕೊಂಡ ಮೇಲೆ ಹದಿನೈದು ಎಂದೇ ಕಾಪಾಡಬೇಕು. ನಾಳೆ ಶುಕ್ರವಾರ. ಮುಚ್ಚಿದ ದೂರನ್ನು ನಾಳೆಯೇ ತೆರೆಯಿರಿ. ತರಬೇತಿಯಲ್ಲಿರುವ ಹೆಡ್‌ಮಾಸ್ಟರಿಗೆ ಜೀಪು ಕಳಿಸಿ ಕೀಲಿ ತರಿಸಿ, ಇಲ್ಲವೇ ಬೀಗ ಒಡೆಯಿರಿ, ಹೊಸ ಬೀಗ ನಮ್ಮ ಸಂಘ ಕೊಡಿಸುತ್ತದೆ. ರಿಜಿಸ್ಟರನ್ನು ಕೈಯಲ್ಲಿ ಹಿಡಿದು, ಗೋಡೆಗೆ ಪಟ್ಟಿ ಹಚ್ಚಿದ್ದು ನಮ್ಮ ತಪ್ಪು ಎಂದು ಅದೇ ಚಹಾದಂಗಡಿಯ ಮುಂದೆ ನಿಂತು ಹೇಳಿ, ಆಮೇಲೆ ದುರುಗಪ್ಪನ ಮನೆಗೆ ಹೋಗಿ. ಹುಡುಗಿ ಮಾರ್ಚ್‌ನಲ್ಲಿ ಪರೀಕ್ಷೆಗೆ ಕೂರುವವರೆಗೆ ಅವಳ ಜವಾಬ್ದಾರಿ ನಿಮ್ಮದು ಎಂದು ಬರೆದುಕೊಡಿ. ಈ ಸಲ ಬರೆಸಿಕೊಳ್ಳುತ್ತೇವೆ.

ನಮ್ಮ ಸಂಘದ ಪಾರಮ್ಮ ಮೂರು ದಿನದಿಂದ ಆ ಮನೆಯ ಎದುರಿನ ಕಟ್ಟೆಯ ಮೇಲೆ ಎಲೆಅಡಿಕೆ ಚೀಲ ಇಟ್ಟುಕೊಂಡು ಕುಳಿತಿದ್ದಾಳೆ. ಮುಹೂರ್ತವನ್ನು ಹಿಂದೆ ಮುಂದೆ ಸರಿಸಲು ಅವಳನ್ನು ದಾಟಬೇಕು. ನೀವು ಬಾರದಿದ್ದರೆ ಸೋಮವಾರ ಸೂರ್ಯ ಹುಟ್ಟುವ ಹೊತ್ತಿಗೆ ನಾವು ನಲವತ್ತು ಹೆಂಗಸರು ಹಂದರದ ಕೆಳಗೆ ಕುಳಿತಿರುತ್ತೇವೆ. ಶಾಂತಿ ಕದಡಿದ್ದಕ್ಕೆ ಪೊಲೀಸರು ನಮ್ಮನ್ನು ವ್ಯಾನಿಗೆ ಹತ್ತಿಸಬಹುದು. ಹತ್ತಿಸುವ ಮುಂಚೆ ಹೆಸರು, ವಯಸ್ಸು ಬರೆದುಕೊಳ್ಳುತ್ತಾರೆ, ಅದು ಪದ್ಧತಿ. ಅರವತ್ತು ದಾಟಿದ ಪಾರಮ್ಮನಿಂದ ಹಿಡಿದು ಕೂಸು ಕಟ್ಟಿಕೊಂಡು ಬಂದವಳವರೆಗೆ ನಲವತ್ತೂ ಜನ ಒಂದೇ ಉತ್ತರ ಕೊಡುತ್ತೇವೆ: ಹದಿನೈದು. ಸುಳ್ಳು ಎಂದು ಯಾರಾದರೂ ಅನ್ನಲಿ. ನಮ್ಮಲ್ಲಿ ಮುಕ್ಕಾಲು ಪಾಲು ಹೆಂಗಸರ ಲೆಕ್ಕ ತಾಳಿ ಬಿದ್ದ ಆ ವಯಸ್ಸಿಗೇ ನಿಂತುಹೋಗಿದೆ.

ಇಂತಿ,
ಇನ್ನು ಮುಂದೆ ತಮ್ಮ ವಿಧೇಯಳಲ್ಲದ,
ಕಳಕಮ್ಮ
ನಾಟಿ ಕೂಲಿ ಹೆಂಗಸರ ಸಂಘ, ಗಂಗಾವತಿ