ಗೇಟಿನ ಬಳಿಯ ಹೆಂಗಸು

ಅಕ್ಟೋಬರ್ 11
ಇವತ್ತೂ ಇವರು ರೈಲು ಮುಟ್ಟಲಿಲ್ಲ. ಗಂಜಿ ಕುಡಿಸಿ, ಗಾಲಿಕುರ್ಚಿ ತಳ್ಳಿಕೊಂಡು ಹೋಗಿ, ಹಿಂದಿನ ಕೋಣೆಯ ಪುಟ್ಟ ಆಟಿಕೆ ರೈಲಿನ ಮುಂದೆ ನಿಲ್ಲಿಸಿದೆ. ಸುಮ್ಮನೆ ನೋಡಿದರು. ಎಡಗೈ ತೊಡೆಯ ಮೇಲೇ ಇತ್ತು. ಬಲಗೈಯಂತೂ ಬಿದ್ದೇ ಹೋಗಿದೆ. ಇಷ್ಟದ ವಸ್ತು ಮುಂದಿಟ್ಟರೆ ಮಾತು ಬಂದರೂ ಬರಬಹುದು ಎಂದಿದ್ದಾಳೆ ಆಸ್ಪತ್ರೆಯಲ್ಲಿ ಮಾತು ಕಲಿಸುವ ನೋಜಿಮಾ. ವಸಂತದಲ್ಲಿ ಸ್ಟ್ರೋಕ್ ಆದಾಗಿನಿಂದ ಇವರ ಬಾಯಲ್ಲಿ ಒಂದು ಮಾತಿಲ್ಲ. ಮೊದಲಾದರೂ ಏನು ಮಹಾ ಆಡುತ್ತಿದ್ದರು! ಮದುವೆಯಾದಾಗಿನಿಂದ ನನ್ನನ್ನು ಕರೆದದ್ದೇ “ಏಯ್” ಎಂದು. ಈಗ ಆ “ಏಯ್”ಗೂ ಗತಿಯಿಲ್ಲ...

ಅಕ್ಟೋಬರ್ 14
ಜೀವಮಾನವೆಲ್ಲ ರೈಲು ಓಡಿಸಿ, ರಿಟೈರಾದ ಮೇಲೆ ಮನೆಯಲ್ಲೂ ರೈಲು. ಹಳಿ, ಸ್ಟೇಷನ್ನು, ರೈಲ್ವೆ ಗೇಟು ಎಲ್ಲ ಇವರೇ ಮಾಡಿದ್ದು. ಎಲ್ಲ ಮುಗಿದ ಮೇಲೆ ಓಡಿಸುತ್ತೇನೆ ಎನ್ನುತ್ತಿದ್ದರು. ಹಳಿಯ ಸುತ್ತ ಇನ್ನೂ ಬೋಳು ಹಲಗೆ. ಅದಕ್ಕೇ ಬೇಸರವೇನೋ. ಯೊನೆಜಾವಾ ಪೇಟೆಯ ಆಟಿಕೆ ಅಂಗಡಿಯ ಓಗುರಾನ ಹತ್ತಿರ ಜಲ್ಲಿಪುಡಿ ತಂದು ಸುರಿದೆ. ಅಂಟು ಹಾಕುವ ಮೊದಲೇ ಸೀನು ಬಂತು. ಅರ್ಧ ಜಲ್ಲಿ ಸುರಂಗದೊಳಗೆ!

ಅಕ್ಟೋಬರ್ 20
ಚಹಾದ ಚರಟ ಒಣಗಿಸಿ ಹಳಿಯಂಚಿಗೆ ಕಳೆ ಬೆಳೆಸಿದೆ. ಹಳಿಯ ಪಕ್ಕಕ್ಕೆ ತುಕ್ಕಿನ ಬಣ್ಣ. ಸ್ಟೇಷನ್ನಿನ ಪಕ್ಕದ ಪುಟ್ಟ ಮನೆಯ ಸೂರಿಗೆ ಕಿತ್ತಳೆ ಬಣ್ಣದ ಮಣಿ ಪೋಣಿಸಿ ಕಟ್ಟಿದೆ, ಚಳಿಗಾಲಕ್ಕೆ ಒಣಹಾಕಿದ ಕಾಕಿ ಹಣ್ಣಿನ ಸರದಂತೆ. ಗೇಟಿನ ಬಳಿ ಏಪ್ರನ್ ತೊಟ್ಟ ಪ್ಲಾಸ್ಟಿಕ್ ಹೆಂಗಸೊಬ್ಬಳನ್ನು ಅಂಟಿಸಿದೆ. ನಮ್ಮ ಹಳೇ ಮನೆಯೂ ಗೇಟಿನ ಪಕ್ಕವೇ. ಇವರ ಗಾಡಿ ಬರುವ ಹೊತ್ತಿಗೆ ಬಟ್ಟೆ ಹರವುವ ನೆಪದಲ್ಲಿ ನಿಲ್ಲುತ್ತಿದ್ದೆ. ಕತ್ತು ಸಹ ತಿರುಗಿಸುತ್ತಿರಲಿಲ್ಲ ಮಹರಾಯ.
ಇವತ್ತು ತುಂಬ ಹೊತ್ತು ನೋಡಿದರು. ರೈಲಿನ ಗುಂಡಿ ಮಾತ್ರ ಮುಟ್ಟಲಿಲ್ಲ. ಅಡುಗೆಮನೆಗೆ ಬಂದು ಅತ್ತುಬಿಟ್ಟೆ.

ನವೆಂಬರ್ 6
ಇಷ್ಟು ದಿನ ಆ ಕೋಣೆಯ ಬಾಗಿಲೇ ತೆಗೆದಿರಲಿಲ್ಲ. ಇವತ್ತು ಔಷಧಿ ತರಲು ರೈಲು ಹತ್ತಿದೆ, ಡ್ರೈವರ್ ಹಿಂದೆಯೇ ನಿಂತಿದ್ದೆ. ಚಿಕ್ಕ ವಯಸ್ಸಿನವನು. ಬೆರಳು ಚಾಚಿ, ಹೊರಡುವ ಸಿಗ್ನಲ್ ಹಸಿರು ಎಂದು ಕೂಗಿ, ಆಮೇಲೆ ಗಾಡಿ ಬಿಟ್ಟ. ಇವರದೂ ಇದೇ ಚಾಳಿ. ಮನೆ ಬಿಡುವಾಗಲೂ ಬೆರಳು ತೋರಿಸಿ, ಗ್ಯಾಸು ಸರಿ, ಬೀಗ ಸರಿ ಎನ್ನುವವರು. ನಾನು ನಗುತ್ತಿದ್ದೆ.
ಥತ್, ನನ್ನ ಬುದ್ಧಿಗಿಷ್ಟು! ನಮ್ಮ ಪುಟ್ಟ ಸ್ಟೇಷನ್ನಿಗೆ ಸಿಗ್ನಲ್ಲೇ ಇಲ್ಲ. ಸಿಗ್ನಲ್ ನೋಡದೆ ಈ ಮನುಷ್ಯ ಗಾಡಿ ಬಿಟ್ಟಾರೆಯೇ?

ನವೆಂಬರ್ 9
ಓಗುರಾ ದೀಪ ಹತ್ತುವ ಸಿಗ್ನಲ್ ಕೊಟ್ಟ. ನೆಟ್ಟೆ. ಇವರು ಹಲಗೆಗೆ ಟಪ್ಪೆಂದು ಬಡಿದರು. ಮತ್ತೆ ಬಡಿದರು. ಮುಖ ಕೆಂಪಗೆ. ನನಗೂ ರೇಗಿತು.
“ಏನ್ರೀ ತಪ್ಪಾಗಿರೋದು? ಬಾಯ್ಬಿಟ್ಟು ಹೇಳ್ರೀ.”
ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಎಡಗೈ ಮೆಲ್ಲಗೆ ಹಳಿಯ ಎಡಪಕ್ಕ ತಟ್ಟಿತು. ನಾನು ಬಲಕ್ಕೆ ನೆಟ್ಟಿದ್ದೆ. ಸಿಟ್ಟು ಬರುತ್ತದೆ ಎಂದರೆ ಮನುಷ್ಯ ಒಳಗೆ ಇದ್ದಾರೆ. ತುಂಬ ಸಂತೋಷವಾಯಿತು.

ನವೆಂಬರ್ 10, ಬೆಳಿಗ್ಗೆ ಹತ್ತು
ಸಿಗ್ನಲ್ ಎಡಕ್ಕೆ ನೆಟ್ಟು ಹಸಿರು ದೀಪ ಹತ್ತಿಸಿದೆ. ಇವರ ಬೆನ್ನು ನೆಟ್ಟಗಾಯಿತು. ಎಡಗೈ ಎದ್ದಿತು. ಬೆರಳು ಚಾಚಿದರು.
“ಹೊರಡೋ ಸಿಗ್ನಲ್... ಹಸಿರು.”
ಗೊಗ್ಗರು ದನಿ. ಆದರೂ ಇವರದೇ. ಗುಂಡಿ ತಿರುಗಿಸಿದರು. ರೈಲು ಹೊರಟಿತು. ಗೇಟು ಹತ್ತಿರವಾದಾಗ ಮತ್ತೆ ಬೆರಳು.
“ಗೇಟು, ಸರಿ.”
ಬೆರಳು ಒಂಚೂರು ಪಕ್ಕಕ್ಕೆ ಸರಿದು ಏಪ್ರನ್ ಹೆಂಗಸಿನ ಮೇಲೆ ನಿಂತಿತು.
“ಯಾಸುಯೊ... ಸರಿ.”
ನನ್ನ ಹೆಸರು! ಎದುರಿಗೆ ಜೀವಂತ ನಿಂತವಳನ್ನು ಬಿಟ್ಟು ಕಡಲೆಬೀಜದಷ್ಟಿರುವ ಪ್ಲಾಸ್ಟಿಕ್ ಹೆಂಗಸಿಗೆ ಕೊಟ್ಟರು. ಕೊಡಲಿ. ಹಾಗಾದರೆ ಆ ದಿನಗಳಲ್ಲೆಲ್ಲ ಗಾಡಿಯಿಂದ ನನ್ನನ್ನು ನೋಡುತ್ತಿದ್ದರು, ಕಳ್ಳ...

ನವೆಂಬರ್ 13
ನೋಜಿಮಾಗೆ ಫೋನ್ ಮಾಡಿದೆ. ಬಾಯಿಪಾಠವಾದ ಮಾತು ಮೊದಲು ಬರುತ್ತದಂತೆ, ಉಳಿದದ್ದು ಅದರ ಬಾಲ ಹಿಡಿದು ಬರಬಹುದಂತೆ. ಅವಸರ ಮಾಡಬಾರದಂತೆ. ನನಗೇನು ಅವಸರ? ಈಗ ಇವರು ಎಲ್ಲದಕ್ಕೂ ಬೆರಳು ಚಾಚುತ್ತಾರೆ. ಮಿಸೊ ಸಾರು, ಸರಿ. ಮೂಲಂಗಿ ಉಪ್ಪಿನಕಾಯಿಗೆ ಸರಿ ಅನ್ನಲಿಲ್ಲ. ಉಪ್ಪು ಜಾಸ್ತಿಯಾಗಿತ್ತು, ನಿಜ.
ಹಿಂದಿನ ಕೋಣೆಯಿಂದ ಕರೆಯುತ್ತಿದ್ದಾರೆ. “ಏಯ್” ಅಲ್ಲ. ಹೆಸರು ಹಿಡಿದು. “ಸರಿ” ಕೂಡ ಸೇರಿಸಿಲ್ಲ. ಗೇಟಿನವಳನ್ನಲ್ಲ, ನನ್ನನ್ನೇ. ಕೇಳಿಸದವಳಂತೆ ಕೂತಿದ್ದೇನೆ. ಇನ್ನೊಂದು ಸಲ ಕರೆಯಲಿ, ಆಮೇಲೆ ಎದ್ದು—